ಹಂಚಿಕೊಟ್ಟ ಹಾಳೆಗಳು

ಹೊಸ ಕವಿತೆಯು ಅಚ್ಚಾಗಿ ಕೈಗೆ ಬಂದೊಡನೆ ಅದನ್ನು ಯಾರಿಗೆ ತೋರಿಸಬೇಕೆಂಬುದೇ ಕವಿಯ ಮೊದಲನೆಯ ಚಿಂತೆಯಷ್ಟೆ. ಪ್ರಿಯ ವಾಚಕರೇ, ಈ ಚಿಂತೆಯನ್ನು ಜೀವಮಾನದ ವ್ರತವಾಗಿಸಿಕೊಂಡವನೊಬ್ಬನ ವಿಷಯವನ್ನು ಈ ತಿಂಗಳು ತಮ್ಮ ಮುಂದಿಡಬಯಸುತ್ತೇವೆ.

ಈತನು ಈಜಿಪ್ಟಿನ ಅಲೆಗ್ಸಾಂಡ್ರಿಯಾ ಪಟ್ಟಣದ ಗ್ರೀಕ್ ಕವಿ ಕಾನ್‌ಸ್ಟಂಟೈನ್ ಕವಾಫಿ. ಹುಟ್ಟಿದುದು 1863ರಲ್ಲಿ. ಮನೆತನದ ವ್ಯಾಪಾರವು ಮುಳುಗಿಹೋದುದರಿಂದ ನೀರಾವರಿ ಇಲಾಖೆಯ ಗುಮಾಸ್ತೆಯಾಗಿ ಮೂವತ್ತು ವರ್ಷ ದುಡಿದು 1922ರಲ್ಲಿ ಕೆಲಸವನ್ನು ಬಿಟ್ಟನು. ಆತನ ಅನುರಾಗವು ಪುರುಷರಲ್ಲಿಯೇ ಇದ್ದಿತು.

ಬದುಕಿರುವವರೆಗೆ ಒಂದು ಗ್ರಂಥವನ್ನಾದರೂ ಆತನು ಮಾರಾಟಕ್ಕಿಡಲಿಲ್ಲ. ಒಂದೊಂದು ಕವಿತೆಯನ್ನೂ ಸ್ವಂತ ಖರ್ಚಿನಿಂದ ಬಿಡಿಹಾಳೆಯಾಗಿ ಅಚ್ಚು ಹಾಕಿಸಿ, ಹಾಳೆಗಳನ್ನು ಹೊದಿಕೆಯೊಳಗೆ ಕ್ಲಿಪ್ಪಿನಿಂದ ಸೇರಿಸಿ, ತಾನು ಆರಿಸಿದವರಿಗೆ ಕೊಡುತ್ತಿದ್ದನು. ಯಾರಿಗೆ ಕೊಟ್ಟೆನೆಂಬುದಕ್ಕೆ ಪಟ್ಟಿಯನ್ನೂ ಬರೆದಿಡುತ್ತಿದ್ದನು. ಅಚ್ಚಾದ ಮೇಲೂ ಪದವೊಂದು ಒಗ್ಗದಿದ್ದರೆ ಲೇಖನಿಯಿಂದ ತಿದ್ದುವನು. ಗುಮಾಸ್ತೆಯ ಕೈ ಸುಮ್ಮನಿದ್ದೀತೆ! ಅಣ್ಣ ಜಾನ್ ತಮ್ಮನ ಕವಿತೆಗಳನ್ನು ಇಂಗ್ಲಿಷಿಗೆ ತಿರುಗಿಸಿದನು. ಮನೆಯಲ್ಲಿಯೇ ಅಂತಹ ಓದುಗನು ದೊರಕುವುದು ಎಲ್ಲ ಕವಿಗಳ ಹಣೆಯಲ್ಲಿಯೂ ಬರೆದಿರುವುದಿಲ್ಲ.

ಇದನ್ನು ಬರಿಯ ಅಂಜಿಕೆಯೆಂದು ಕೆಲವರು ಎಣಿಸಬಹುದು. ನಮಗೆ ಹಾಗೆ ತೋರುವುದಿಲ್ಲ. ಮೊದಮೊದಲಿನ ಪ್ರೇಮಕವಿತೆಗಳಲ್ಲಿ ಪ್ರಿಯವ್ಯಕ್ತಿಯು ಗಂಡೋ ಹೆಣ್ಣೋ ಎಂಬುದನ್ನು ಆತನು ಮುಚ್ಚಿಡುತ್ತಿದ್ದುದುಂಟು. ವಯಸ್ಸಾದಂತೆ ಆ ಪರದೆಯು ಸರಿಯಿತು. ಪಟ್ಟಣದ ಬಡ ತರುಣರೂ ಅಂಗಡಿಯ ನೌಕರರೂ ಅವರ ಪ್ರೀತಿಯೂ ಯಾವ ನೆಪವೂ ಇಲ್ಲದೆ ಹಾಳೆಗಳಿಗೆ ಇಳಿದುಬಂದವು. ತಿಳಿದು ಓದುವವರ ಕೈಗೇ ಕೊಡುತ್ತಿದ್ದುದರಿಂದ ಮಾತು ಬಿಚ್ಚುವ ಧೈರ್ಯವು ಬಂದಿತೆಂದು ನಾವು ಊಹಿಸುತ್ತೇವೆ. ಹೀಗಿದ್ದೂ ಕೆಲವನ್ನು ಆತನು ಯಾರಿಗೂ ಕೊಡದೆ ಉಳಿಸಿಕೊಂಡನು. ಅವು ಗ್ರಂಥವಾಗಿ ಹೊರಬಂದುದು 1968ರಲ್ಲಿ.

ಮೊದಲನೆಯ ಮಹಾಯುದ್ಧದಲ್ಲಿ ರೆಡ್ ಕ್ರಾಸ್ ಕೆಲಸಕ್ಕೆಂದು ಆ ಪಟ್ಟಣಕ್ಕೆ ಬಂದ ಇ. ಎಂ. ಫಾರ್ಸ್ಟರ್ ಈ ಕವಿಯ ಸ್ನೇಹಿತನಾಗಿ, 1919ರಲ್ಲಿ ಇಂಗ್ಲಿಷ್ ಓದುಗರಿಗೆ ಈತನನ್ನು ಪರಿಚಯ ಮಾಡಿಕೊಟ್ಟನು. ಮುಂದೆ 1921ರಲ್ಲಿ ನಮ್ಮ ದೇಶದ ದೇವಾಸ ಸಂಸ್ಥಾನದ ಮಹಾರಾಜರಲ್ಲಿ ಕಾರ್ಯದರ್ಶಿಯಾಗಿದ್ದವನೂ ಈತನೇ. ಫಾರ್ಸ್ಟರನೂ ಪುರುಷಪ್ರೇಮಿಯೇ. ಆದರೆ ಆ ಪ್ರೇಮವನ್ನು ಕುರಿತು 1913-14ರಲ್ಲಿ ಬರೆದ ‘ಮಾರಿಸ್’ ಕಾದಂಬರಿಯನ್ನು ಕೆಲವು ಮಿತ್ರರಿಗೆ ತೋರಿಸಿದನೇ ಹೊರತು ಪ್ರಕಟಿಸಲಿಲ್ಲ. ಆತನ ಮರಣಾನಂತರ 1971ರಲ್ಲಿ ಅದು ಅಚ್ಚಾಯಿತು. ಇಂಗ್ಲೆಂಡಿನ ಕಾಯಿದೆಯು ಅಂತಹ ಪ್ರೇಮವನ್ನು 1967ರವರೆಗೂ ಅಪರಾಧವೆಂದೇ ಎಣಿಸುತ್ತಿದ್ದಾಗ ಆತನನ್ನು ದೂಷಿಸುವುದು ನ್ಯಾಯವಲ್ಲ.

1932ರಲ್ಲಿ ಗಂಟಲಿನ ಅರ್ಬುದರೋಗದಿಂದ ಕವಾಫಿಯ ಮಾತು ನಿಂತುಹೋಯಿತು. ಮರುವರ್ಷ ಏಪ್ರಿಲ್ 29ರಂದು, ತಾನು ಹುಟ್ಟಿದ ದಿನವೇ, ಎಪ್ಪತ್ತು ತುಂಬಿ ತೀರಿಕೊಂಡನು. 1935ರಲ್ಲಿ ಅವನ 154 ಕವಿತೆಗಳು ಒಂದು ಗ್ರಂಥವಾಗಿ ಅಲೆಗ್ಸಾಂಡ್ರಿಯಾದಲ್ಲಿಯೇ ಪ್ರಕಟವಾದವು. ಆತನ ಪಟ್ಟಿಯಲ್ಲಿ ಹೆಸರಿಲ್ಲದವರಿಗೂ ಅವು ದೊರೆತುದು ಆಮೇಲೆ.