ಅತಿಥಿ ಸತ್ಕಾರ

ನಮ್ಮೂರ ಸಮುದಾಯ ಕಾಲೇಜಿನಲ್ಲಿ ಹೊಲಿಗೆ ಕಲಿಸುವಾಕೆ ಹದಿನೆಂಟು ವರ್ಷ ಗಾರ್ಮೆಂಟ್ಸಿನಲ್ಲಿ ದುಡಿದವರು. ಓದಿದ್ದು ಎಂಟನೆಯ ತರಗತಿ. ಅದಕ್ಕೇ ಅವರು ಕಾಯಂ ಅಲ್ಲ, ‘ಅತಿಥಿ’. ಗಂಟೆ ಲೆಕ್ಕದ ಗೌರವಧನ. ರಜೆ ಬಂದರೆ ಅದೂ ಇಲ್ಲ. ಅತಿಥಿಯನ್ನು ಹೀಗೆ ನೋಡಿಕೊಳ್ಳುವ ಮನೆ ಯಾವುದಾದರೂ ಇದೆಯೆ?

ನಾನು ಬಿ.ಎ., ಬಿ.ಎಡ್. ಹರ್ಬಾರ್ಟನ ಐದು ಹಂತಗಳಲ್ಲಿ ಪಾಠಯೋಜನೆ ಬರೆದವಳು. ಏಳನೆಯ ತರಗತಿಯಲ್ಲಿ ನನ್ನಿಂದ ಭಿನ್ನರಾಶಿ ಕಲಿಯಲಾಗದ ಹುಡುಗಿ ಈಕೆಯ ಬಳಿ ಕಲಿತಳು. ಎದೆಸುತ್ತಳತೆಯ ಕಾಲು ಭಾಗ, ಸಡಿಲಕ್ಕೆ ಒಂದಿಷ್ಟು, ಹೊಲಿಗೆಗೆ ಅರ್ಧ ಇಂಚು. ತಪ್ಪಿದರೆ ಬಟ್ಟೆ ಹಾಳು. ನನ್ನಲ್ಲಿ ತಪ್ಪಿದರೆ ಕೆಂಪು ಗೀಟು, ಅಷ್ಟೆ.

ಕನಿಷ್ಠ 15 ವರ್ಷದ ಅನುಭವವಿರುವ ಪರಿಣತರು ಪದವಿಯಿಲ್ಲದೆಯೂ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಆಗಬಹುದೆಂದು ಯುಜಿಸಿ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಖುಷಿಪಟ್ಟೆ. ಮುಂದೆ ಓದಿದರೆ, ಹಿರಿಯ ಹುದ್ದೆಯಲ್ಲಿದ್ದವರಿಗೆ ಆದ್ಯತೆಯಂತೆ. ಹೊಲಿಗೆ ಯಂತ್ರದ ಮುಂದೆ ಕುಳಿತವಳಿಗೆ ಹಿರಿಯ ಹುದ್ದೆ ಎಲ್ಲಿಂದ ಬರಬೇಕು ಸ್ವಾಮಿ?

ಅದೇ ಕಾಲೇಜಿನ ವಾರ್ಷಿಕೋತ್ಸವಕ್ಕೆ ನನ್ನನ್ನೂ ಅತಿಥಿಯಾಗಿ ಕರೆದಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಆಕೆಯ ಸಂಬಳದ ಮಾತೆತ್ತಿದೆ. “ಅವರ ಅಂಕಪಟ್ಟಿಯೇ ಫೈಲಿನಲ್ಲಿಲ್ಲವಲ್ಲ ಮೇಡಂ” ಎಂದರು. ಆಕೆ ಕೊನೆಯ ಸಾಲಿನ ಹಿಂದೆ ನಿಂತಿದ್ದರು. ನಾನು ತೊಟ್ಟಿದ್ದ ರವಿಕೆ ಆ ಹುಡುಗಿ ಹೊಲಿದದ್ದು.