ದ್ವೀಪಕ್ಕೆ ಹೋಗುವವರು ನಿಧಾನಿಸಲಿ

ಗೆಳೆಯರ ಗುಂಪೊಂದು ಬೆಳಿಗ್ಗೆ ದೋಣಿ ಹತ್ತಿ, ಎರಡು ಸಲ ಸ್ಕೂಬಾ ಮುಳುಗು ಹಾಕಿ, ಉಳಿದ ಹೊತ್ತೆಲ್ಲ ನೆರಳಲ್ಲಿ ಹರಟುತ್ತ ಕಳೆದರೆ ನೋಡುವವರಿಗೆ ಅದು ದುಡ್ಡಿದ್ದವರ ಸೋಮಾರಿತನ. ಆದರೆ ಲಕ್ಷದ್ವೀಪದ ಕಡಲಲ್ಲಿ ಆ ಸೋಮಾರಿತನ ಸ್ವಂತ ಆಯ್ಕೆಯಲ್ಲ, ನೀರು ವಿಧಿಸಿದ ಕಟ್ಟಳೆ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಉಸಿರಿನ ಜೊತೆ ಒಳಹೋದ ಸಾರಜನಕ ರಕ್ತದಲ್ಲೂ ಕೊಬ್ಬಿನಲ್ಲೂ ಕರಗುತ್ತದೆ. ಗಡಿಬಿಡಿಯಲ್ಲಿ ಮೇಲೆದ್ದರೆ ಅದೇ ಗುಳ್ಳೆಯಾಗಿ ಕೀಲು ಹಿಂಡುತ್ತದೆ, ಕೆಲವೊಮ್ಮೆ ಜೀವವನ್ನೂ ತೆಗೆಯುತ್ತದೆ. ಅದಕ್ಕೇ 5 ಮೀಟರಿನಲ್ಲಿ ಮೂರು ನಿಮಿಷ ತಡೆದು ಮೇಲೇಳುವುದು, ಎರಡು ಮುಳುಗುಗಳ ನಡುವೆ ಸುಮ್ಮನೆ ಕೂರುವುದು, ಮರುದಿನದ ತನಕ ವಿಮಾನ ಹತ್ತದಿರುವುದು. ಮುಳುಗುವವರ ಮೈಗೆ ಹಾಕಿದ ಈ ಲಗಾಮನ್ನು ಅಲ್ಲಿನ ಪ್ರವಾಸೋದ್ಯಮಕ್ಕೂ ಹಾಕಬೇಕು ಎಂಬುದು ನನ್ನ ವಾದ.

ನೀರೊಳಗೆ ಕಿವಿಗೊಟ್ಟರೆ ಕಟಕಟ ಸದ್ದು ಕೇಳುತ್ತದೆ. ಗಿಳಿಕೊಕ್ಕಿನಂಥ ಬಾಯಿಯ ಮೀನು ಹವಳವನ್ನು ಕೆರೆದು, ಪಾಚಿ ನುಂಗಿ, ಹಿಂದಿನಿಂದ ಬಿಳಿ ಮರಳು ಸುರಿಸುತ್ತಿರುತ್ತದೆ. ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಬೆಳ್ಳನೆಯ ದಂಡೆಯ ಮರಳಿನಲ್ಲಿ ಈ ಮೀನಿನ ಪಾಲು ಸಣ್ಣದಲ್ಲ (ಈ ಸಂಗತಿಯನ್ನು ಜಾಹೀರಾತಿನವರು ಹೇಳುವುದಿಲ್ಲ). ಪಾಚಿ ತಿನ್ನುವ ಮೀನು ಕಡಿಮೆಯಾದರೆ ಸತ್ತ ಹವಳದ ಮೇಲೆ ಹೊಸ ಹವಳ ಕೂರುವುದಕ್ಕೆ ಜಾಗವೇ ಇರುವುದಿಲ್ಲ. ಇಲ್ಲೊಂದು ಆಕ್ಷೇಪ ಏಳುತ್ತದೆ. ಹವಳವನ್ನು ಕೊಂದದ್ದು ಕಡಲಿನ ಬಿಸಿ. 1998, 2010, 2016ರ ಎಲ್ ನಿನೊ ವರ್ಷಗಳಲ್ಲಿ ಅದು ಬಿಳುಚಿಕೊಂಡಿತು, ಪ್ರವಾಸಿಗರನ್ನೇಕೆ ದೂರಬೇಕು? ಮಾತು ನಿಜ. ಆದರೆ ಬಿಸಿಯನ್ನು ಒಂದು ದ್ವೀಪ ತಡೆಯಲಾರದು, ಬಿಸಿ ಇಳಿದ ಮೇಲೆ ಹವಳ ಚೇತರಿಸಿಕೊಳ್ಳಲು ಬಿಡುವು ಕೊಡಬಲ್ಲದು. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವಿನ ಅವಧಿ ಕಿರಿದಾಗುತ್ತಿರುವಾಗ ಲಂಗರು, ಚರಂಡಿ ನೀರು, ಹವಳದ ಮೀನಿಗೆ ಬೇಡಿಕೆ, ಇವೆಲ್ಲ ಆ ಬಿಡುವನ್ನೇ ಕಸಿಯುತ್ತವೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಪ್ರವಾಸಿಗರು ಕಡಿಮೆ ಬರಲಿ ಎನ್ನುವುದು ಹೊಟ್ಟೆ ತುಂಬಿದವರ ಉಪದೇಶ, ದ್ವೀಪದವರಿಗೆ ಕೆಲಸ ಬೇಡವೇ? ಬೇಕು. ಆದರೆ ಲೆಕ್ಕ ನೋಡಿ: ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್, 2011ರ ಗಣತಿಯಂತೆ ಜನ 64 ಸಾವಿರಕ್ಕೂ ಹೆಚ್ಚು. ಅಲ್ಲಿ ಹೊಳೆಯಿಲ್ಲ. ಮಳೆನೀರು ಮರಳಿನಡಿ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ; ಪಂಪು ಹಚ್ಚಿ ಹೆಚ್ಚು ಎತ್ತಿದರೆ ಬಾವಿ ಉಪ್ಪಾಗುತ್ತದೆ. ಹೋಟೆಲಿನ ಶವರ್ ಹೀರುವುದು ಪಕ್ಕದ ಮನೆಯ ಕುಡಿಯುವ ನೀರನ್ನು. ದ್ವೀಪದವರ ಹಳೆಯ ದುಡಿಮೆಯಾದರೂ ಈ ಮಿತಿಯನ್ನು ಅರಿತದ್ದು. ಉದ್ದ ಗಳಕ್ಕೆ ಗಾಳ ಕಟ್ಟಿ ಹೊರಕಡಲಿನ ಟ್ಯೂನಾವನ್ನು ಒಂದೊಂದಾಗಿ ಎತ್ತುವ ಅವರ ಕಸುಬಿನಿಂದಾಗಿ ಹವಳದ ಮೀನುಗಳು ಬಹುಮಟ್ಟಿಗೆ ಉಳಿದವು. ಕಡ್ಮತ್, ಅಮಿನಿ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯವೇ ಆಗಿದ್ದವು; ತೆಂಗಿನ ನಾರು, ಕೊಬ್ಬರಿ ಮಂಗಳೂರಿಗೆ ಬರುತ್ತಿತ್ತು, ಅಕ್ಕಿ ಅತ್ತ ಹೋಗುತ್ತಿತ್ತು. ಆ ವ್ಯಾಪಾರ ನಡೆದದ್ದು ದ್ವೀಪ ಕೊಡಬಲ್ಲಷ್ಟರಲ್ಲಿ. ಕೆಲವೇ ದೋಣಿ, ಕೆಲವೇ ಅತಿಥಿಗಳು, ಹೆಚ್ಚು ದಿನದ ವಾಸ್ತವ್ಯ, ದೋಣಿ ನಡೆಸುವವರೂ ಅಡುಗೆ ಮಾಡುವವರೂ ಊರಿನವರೇ ಎಂಬ ವ್ಯವಸ್ಥೆಯಲ್ಲಿ ಕೆಲಸವೂ ಉಂಟು, ನೀರೂ ಉಳಿಯುತ್ತದೆ.

ಮುಂದಿನ ರಜೆಗೆ ಅತ್ತ ಹೊರಟವರು ಊಟಕ್ಕೆ ಟ್ಯೂನಾವನ್ನೇ ಕೇಳಿ. ದೋಣಿಯವರು ಹವಳದ ಮೇಲೆ ಲಂಗರು ಎಸೆಯುತ್ತಾರೋ, ಮೊದಲೇ ನಿಲ್ಲಿಸಿಟ್ಟ ತೇಲುಬುರುಡೆಗೆ (ಬೋಯಿಗೆ) ಹಗ್ಗ ಕಟ್ಟುತ್ತಾರೋ ಎಂಬುದನ್ನು ಮುಂಗಡ ಕೊಡುವ ಮೊದಲೇ ವಿಚಾರಿಸಿ.