ಸೂಟ್ ಬೇಕಾ? ಮೊದಲು ಭುಜ ನೋಡಿ, ಆಮೇಲೆ ಬೆಲೆ

1/7
ಫೈನಲ್ ಇಯರ್ ಬಂತು ಅಂದ್ರೆ ಕ್ಲಾಸ್ ಗ್ರೂಪಿನಲ್ಲಿ ಎರಡು ಪ್ರಶ್ನೆ ತಪ್ಪಲ್ಲ: ಕಂಪನಿ ಯಾವಾಗ ಬರುತ್ತೆ, ಕೋಟು ಎಲ್ಲಿ ತಗೋಬೇಕು. ಮೊದಲನೇದಕ್ಕೆ ಯಾರ ಹತ್ರನೂ ಉತ್ತರ ಇರಲ್ಲ, ಎರಡನೇದಕ್ಕೆ ಎಲ್ಲರ ಹತ್ರನೂ ಇರುತ್ತೆ. ಒಬ್ಬ ಬೆಂಗಳೂರಿನ ಮಾಲ್ ಅಂತಾನೆ, ಇನ್ನೊಬ್ಬ ಆನ್‌ಲೈನ್ ಸೇಲ್ ಲಿಂಕ್ ಕಳಿಸ್ತಾನೆ, ಮತ್ತೊಬ್ಬ ರಾಕಿ ಭಾಯ್ ಫೋಟೊ ಹಾಕಿ "ಇಂಥದ್ದು ಬೇಕು ಗುರೂ" ಅಂತಾನೆ. ನಮ್ಮೂರ ಹೆಸರಿನ ಸಿನಿಮಾ 2018ರಲ್ಲಿ ಬಂತು, ಎರಡನೇ ಭಾಗ 2022ರಲ್ಲಿ ಬಂತು. ಆಮೇಲೆ ರಿಸೆಪ್ಷನ್ ಸ್ಟೇಜ್ ಮೇಲೆ ಗಡ್ಡ ಬಿಟ್ಟು ಕೋಟು ಹಾಕಿದ ಮದುಮಗನನ್ನ ನೀವೂ ನೋಡಿರ್ತೀರಿ.

"ಜೇಬಿನ ಲೆಕ್ಕ" ಸರಣಿಯಲ್ಲಿ ಈ ವಾರ ಸೂಟ್. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ವರ್ಷಕ್ಕೆ ಎರಡು ಮೂರು ಸಲ ಹಾಕೋ ಸೂಟಿಗೆ ಬ್ರ್ಯಾಂಡ್ ದುಡ್ಡು ಕೊಡಬೇಡಿ. ಭುಜಕ್ಕೆ ಸರಿಯಾಗಿ ಕೂರೋ ಸಾದಾ ನೇವಿ ಬ್ಲೂ ಸೂಟ್ ಒಂದು ಸಾಕು. ಮಿಕ್ಕಿದ್ದನ್ನ ಮೈಗೆ ಕೂರಿಸೋ ಕೆಲಸ ರಾಬರ್ಟ್‌ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ ಇರೋ ಟೈಲರ್‌ಗೆ ಬಿಡಿ. ಸಾಲ ಮಾಡಿ ಮಾತ್ರ ತಗೋಬೇಡಿ.

2/7
ಮೊದಲು, ನಿಮಗೆ ಸೂಟ್ ಬೇಕೇ ಬೇಕಾ?

ಪ್ಲೇಸ್‌ಮೆಂಟ್ ಮೆಸೇಜನ್ನ ಇನ್ನೊಂದು ಸಲ ಓದಿ. ಅದರಲ್ಲಿ ಸಾಮಾನ್ಯವಾಗಿ ಇರೋದು "ಫಾರ್ಮಲ್ಸ್ ಕಡ್ಡಾಯ" ಅಂತ. ಫಾರ್ಮಲ್ಸ್ ಅಂದ್ರೆ ಇಸ್ತ್ರಿ ಮಾಡಿದ ಫುಲ್ ತೋಳಿನ ಶರ್ಟು, ಪ್ಲೇನ್ ಪ್ಯಾಂಟು, ಬೆಲ್ಟು, ಪಾಲಿಶ್ ಮಾಡಿದ ಶೂ. ಅಕೌಂಟ್ಸ್, ಬಿಪಿಒ, ಬ್ಯಾಂಕಿನ ಸೇಲ್ಸ್, ಆಡಿಟರ್ ಆಫೀಸು, ಇಂಥ ಕೆಲಸಕ್ಕೆ ಹೋಗೋ ಬಿಕಾಂ ಹುಡುಗನಿಗೆ ಇಷ್ಟು ಸಾಕು. ಕೆಲಸ ಸಿಕ್ಕಿದ ಮೇಲೂ ದಿನಾ ಹಾಕೋದು ಅದನ್ನೇ. ಹಂಗಾಗಿ ಕೈಯಲ್ಲಿ ಇರೋದು ಸ್ವಲ್ಪ ದುಡ್ಡು ಅಂದ್ರೆ ಮೊದಲು ಶೂ, ಆಮೇಲೆ ಪ್ಯಾಂಟು, ಎರಡು ಶರ್ಟು. ಕೋಟು ಪಟ್ಟಿಯಲ್ಲಿ ಕೊನೆಗೆ ಬರಲಿ. ಕಿತ್ತುಹೋದ ಶೂ ಮೇಲೆ ಹೊಸ ಕೋಟು ಹಾಕಿದ್ರೆ ಎಲ್ಲರ ಕಣ್ಣು ಹೋಗೋದು ಶೂ ಕಡೆಗೇ.

ಕಾಲೇಜುಗಳಿಗೂ ಒಂದು ಮಾತು. ಸೆಮಿನಾರ್‌ಗೆ, ಫೆಸ್ಟ್‌ಗೆ, ಗ್ರೂಪ್ ಫೋಟೊಗೆ "ಎಲ್ಲರೂ ಬ್ಲೇಜರ್‌ನಲ್ಲಿ ಬನ್ನಿ" ಅಂತ ಒಂದು ಲೈನ್ ಟೈಪ್ ಮಾಡೋದು ಸುಲಭ. ಕೆಲವು ಮನೆಗಳಲ್ಲಿ ಆ ಒಂದು ಲೈನ್ ಅಂದ್ರೆ ತಿಂಗಳ ರೇಷನ್ ದುಡ್ಡು. "ಹುಷಾರಿಲ್ಲ ಸಾರ್" ಅಂತ ಆ ದಿನ ಬರದೆ ಇರೋ ಹುಡುಗ ಪ್ರತಿ ಕ್ಲಾಸಿನಲ್ಲೂ ಒಬ್ಬ ಇರ್ತಾನೆ. ಕೋಟು ಇದ್ರೆ ಹಾಕಿ, ಇಲ್ಲಾಂದ್ರೆ ಫಾರ್ಮಲ್ಸ್ ಸಾಕು ಅಂತ ಹೇಳಿದ್ರೆ ಯಾರ ಮರ್ಯಾದೆನೂ ಹೋಗಲ್ಲ.

3/7
ಹಂಗಾದ್ರೆ ಸೂಟ್ ಬರೀ ಶೋಕಿನಾ? ಇಲ್ಲ. ನಮ್ಮೂರಲ್ಲಿ ಅಂತೂ ಅಲ್ಲವೇ ಅಲ್ಲ.

1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿ ನಡೆಸಿದಾಗ ಕೆಜಿಎಫ್‌ಗೆ ಲಿಟಲ್ ಇಂಗ್ಲೆಂಡ್ ಅಂತಾನೇ ಹೆಸರು. ಬಂಗಲೆ, ಕ್ಲಬ್ಬು, ಸೂಟು ದೊರೆಗಳಿಗೆ. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದವರಿಗೆ ಲೈನ್ ಮನೆ. ಯಾರು ಯಾವ ಬಟ್ಟೆ ಹಾಕ್ತಾರೆ ಅನ್ನೋದರಲ್ಲೇ ಯಾರು ಎಲ್ಲಿ ನಿಲ್ಲಬೇಕು ಅನ್ನೋದು ಗೊತ್ತಾಗ್ತಿತ್ತು.

ಅದೇ ಊರಿನ ಗೋಡೆಗಳ ಮೇಲೆ ನೀಲಿ ಸೂಟಿನ ಅಂಬೇಡ್ಕರ್ ಚಿತ್ರ ನೋಡ್ಕೊಂಡೇ ನಾವೆಲ್ಲ ಬೆಳೆದಿದ್ದು. ಗಾಂಧೀಜಿ 1921ರಲ್ಲಿ ಮಧುರೆಯಲ್ಲಿ ಅಂಗಿ ಬಿಟ್ಟು ತುಂಡು ಬಟ್ಟೆಗೆ ಬಂದ್ರು. ಬಡವರ ಜೊತೆ ನಿಲ್ಲೋಕೆ ಅದು ಅವರ ದಾರಿ. ಒಳ್ಳೆ ಬಟ್ಟೆ ಹಾಕೋ ಹಕ್ಕನ್ನೇ ಕಿತ್ಕೊಂಡಿದ್ದ ಜನರ ನಡುವಿಂದ ಬಂದ ಅಂಬೇಡ್ಕರ್ ಪೂರ್ತಿ ಸೂಟ್ ಹಾಕಿ ನಿಂತ್ರು. ಅದನ್ನ ನೋಡಿದ ಎಷ್ಟೋ ಜನ "ನಾವೂ ಹಿಂಗೆ ನಿಲ್ಲಬಹುದು" ಅಂದ್ಕೊಂಡ್ರು. ಇನ್ನು ಆಗ ಕೋಲಾರ ಜಿಲ್ಲೆಯಲ್ಲಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಫೋಟೊ ನೋಡಿ. ಕೋಟು, ಟೈ, ತಲೆ ಮೇಲೆ ಮೈಸೂರು ಪೇಟ. ಪರದೇಶದ ಬಟ್ಟೆ ಆವತ್ತೇ ನಮ್ಮದಾಗಿತ್ತು.

ಅದಕ್ಕೇ "ಬಡವರ ಮಕ್ಕಳಿಗೆ ಸೂಟ್ ಯಾಕೆ" ಅನ್ನೋರ ಮಾತಿಗೆ ನನ್ನ ಒಪ್ಪಿಗೆ ಇಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಬೆಳಗ್ಗೆ ಬೆಳಗ್ಗೆನೇ ಬೆಂಗಳೂರು ರೈಲು ಹತ್ತಿ ರಾತ್ರಿ ಮನೆ ಸೇರೋ ಅಪ್ಪಂದಿರ ಮಕ್ಕಳು ನಾವು. ಅಕ್ಕನ ಮದುವೆಯಲ್ಲಿ ಚೆನ್ನಾಗಿ ಕಾಣಬೇಕು ಅನ್ನೋ ಆಸೆ ತಪ್ಪಲ್ಲ. ನನ್ನ ತಕರಾರು ಇರೋದು ಆ ಆಸೆಗೆ ಹಾಕೋ ಬೆಲೆ ಚೀಟಿ ಮೇಲೆ.

4/7
ಈಗ ನಮ್ಮ ಸಬ್ಜೆಕ್ಟು. ಕಾಸ್ಟ್ ಅಕೌಂಟಿಂಗ್ ಪರೀಕ್ಷೆ ಹಾಲ್‌ಗೆ ಮಾತ್ರ ಅಂತ ಎಲ್ಲೂ ಬರೆದಿಲ್ಲ.

ಸೂಟಿನ ನಿಜವಾದ ಬೆಲೆ ಅಂದ್ರೆ ಕೊಟ್ಟ ದುಡ್ಡು ಭಾಗಿಸು ಹಾಕಿದ ಸಲ. ಉದಾಹರಣೆಗೆ, 12,000ದ ಹೊಳೆಯೋ ಮರೂನ್ ಸೂಟನ್ನ ಒಂದು ರಿಸೆಪ್ಷನ್, ಒಂದು ಫೇರ್‌ವೆಲ್ ಅಂತ ಎರಡು ಸಲ ಹಾಕಿದ್ರೆ ಒಂದು ಸಲಕ್ಕೆ 6,000. 6,000ದ ಸಾದಾ ನೇವಿ ಬ್ಲೂನ ಐದು ವರ್ಷದಲ್ಲಿ 12 ಸಲ ಹಾಕಿದ್ರೆ ಒಂದು ಸಲಕ್ಕೆ 500. ಐದು ವರ್ಷದಲ್ಲಿ ಎಷ್ಟು ಸಲ ಹಾಕ್ತೀರಿ ಅಂತ ನಿಜವಾಗಿ ಎಣಿಸಿ. ಉತ್ತರ ಒಂದೋ ಎರಡೋ ಬಂದ್ರೆ ತಗೋಬೇಡಿ. ಬಾಡಿಗೆಗೆ ತನ್ನಿ, ಇಲ್ಲಾ ನಿಮ್ಮ ಅಳತೆಯ ಮಾಮನ ಮಗನ ಹತ್ರ ಕೇಳಿ.

ಟ್ಯಾಕ್ಸ್ ಕೂಡ ನೋಡಿ. 2025ರ ಸೆಪ್ಟೆಂಬರ್ 22ರಿಂದ ರೆಡಿಮೇಡ್ ಬಟ್ಟೆಗೆ ಒಂದು ಪೀಸಿನ ಬೆಲೆ 2,500 ರೂಪಾಯಿ ತನಕ ಜಿಎಸ್‌ಟಿ 5%, ಅದರ ಮೇಲೆ ಹೋದ್ರೆ 18%. ಹೊಲಿಯದ ಸೂಟಿಂಗ್ ಬಟ್ಟೆಗೆ 5%. ಅಂದ್ರೆ 5,900ಕ್ಕೆ ರೆಡಿಮೇಡ್ ಸೂಟ್ ತಗೊಂಡ್ರೆ ಅದರಲ್ಲಿ 900 ಟ್ಯಾಕ್ಸ್. 2,100ಕ್ಕೆ ಬಟ್ಟೆ ತಗೊಂಡ್ರೆ ಟ್ಯಾಕ್ಸ್ 100. ವರ್ಷದ ದುಡಿಮೆ 20 ಲಕ್ಷ ದಾಟದ ಚಿಕ್ಕ ಟೈಲರ್ ಜಿಎಸ್‌ಟಿ ರಿಜಿಸ್ಟರ್ ಆಗಬೇಕಿಲ್ಲ, ಹಂಗಾಗಿ ಹೊಲಿಗೆ ಕೂಲಿ ಮೇಲೆ ಟ್ಯಾಕ್ಸ್ ಬೀಳಲ್ಲ. ಆ ಕೂಲಿ ನಮ್ಮೂರಲ್ಲೇ ಉಳಿಯುತ್ತೆ.

"ಈಗ ತಗೊಳ್ಳಿ, ಆಮೇಲೆ ಕಟ್ಟಿ" ಅನ್ನೋ ಆಪ್‌ಗಳ ಮಾತು ಬಂದಾಗ ಒಂದೇ ಪ್ರಶ್ನೆ ಕೇಳ್ಕೊಳಿ: ಕೊನೆ ಕಂತು ಕಟ್ಟೋ ಹೊತ್ತಿಗೆ ಈ ಕೋಟು ಎಲ್ಲಿರುತ್ತೆ? ಬೀರುವಿನಲ್ಲಿ. ಕಂತು ತಪ್ಪಿದ್ರೆ ದಂಡ ಬೇರೆ, ಕ್ರೆಡಿಟ್ ಸ್ಕೋರಿಗೆ ಪೆಟ್ಟು ಬೇರೆ. ಮುಂದೆ ಬೈಕ್ ಲೋನಿಗೆ ಹೋದಾಗ ಈ ಕೋಟು ನಿಮಗಿಂತ ಮುಂಚೆ ಬ್ಯಾಂಕಿನಲ್ಲಿ ಕೂತಿರುತ್ತೆ.

5/7
ತಗೊಳ್ಳೋದು ಅಂತ ತೀರ್ಮಾನ ಆಯ್ತಾ? ಅಂಗಡಿಯಲ್ಲಿ ಕನ್ನಡಿ ಮುಂದೆ ನಿಂತು ಮೊದಲು ನೋಡಬೇಕಾದದ್ದು ಭುಜ.

ಕೋಟಿನ ಭುಜದ ಹೊಲಿಗೆ ನಿಮ್ಮ ಭುಜದ ಮೂಳೆ ಮುಗಿಯೋ ಕಡೆ ಮುಗೀಬೇಕು. ಅದಕ್ಕಿಂತ ಹೊರಗೆ ಹೋದ್ರೆ ಅಪ್ಪನ ಕೋಟು ಹಾಕಿದ ಹಂಗೆ ಕಾಣುತ್ತೆ, ಒಳಗೆ ಬಂದ್ರೆ ತೋಳು ಹಿಡಿಯುತ್ತೆ. ಕತ್ತಿನ ಹಿಂದೆ ಕಾಲರ್ ಶರ್ಟಿಗೆ ಅಂಟಿಕೊಂಡೇ ಇರಬೇಕು, ಗ್ಯಾಪ್ ಬರಬಾರದು. ಇವೆರಡನ್ನ ಸರಿ ಮಾಡೋಕೆ ಕೋಟನ್ನೇ ಅರ್ಧ ಬಿಚ್ಚಬೇಕು, ಆ ಖರ್ಚು ಬೇಡ. ಭುಜ ಸರಿ ಇಲ್ಲಾಂದ್ರೆ ಎಷ್ಟೇ ಡಿಸ್ಕೌಂಟ್ ಇದ್ರೂ ವಾಪಸ್ ಇಡಿ.

ಮಿಕ್ಕಿದ್ದು ಟೈಲರ್ ಕೈಯಲ್ಲಿ ಸರಿ ಹೋಗುತ್ತೆ. ತೋಳಿನ ಉದ್ದ, ಸೊಂಟದ ಹತ್ರ ಲೂಸು, ಪ್ಯಾಂಟಿನ ಸೊಂಟ, ಕಾಲಿನ ಉದ್ದ. ಕೋಟಿನ ತೋಳಿನಿಂದ ಶರ್ಟಿನ ಕಫ್ ಅರ್ಧ ಇಂಚು ಕಾಣಬೇಕು. ಹಿಂದೆ ಕೋಟು ಕೂರೋ ಜಾಗ ಮುಚ್ಚಬೇಕು. ಬಜೆಟ್ 6,000 ಅಂದ್ರೆ ಸೂಟಿಗೆ 5,000, ಆಲ್ಟರೇಷನ್‌ಗೆ, ಇಸ್ತ್ರಿಗೆ ಅಂತ ಮಿಕ್ಕಿದ್ದು ಎತ್ತಿಡಿ. ಮೈಗೆ ಕೂತ ಕಮ್ಮಿ ಬೆಲೆ ಸೂಟು, ಜೋತಾಡೋ ದುಬಾರಿ ಸೂಟಿಗಿಂತ ಯಾವಾಗಲೂ ಚೆನ್ನಾಗಿ ಕಾಣುತ್ತೆ.

ಮನೆಗೆ ತಂದ ಮೇಲೆ ಎರಡು ಕೆಲಸ ಮರೀಬೇಡಿ. ಕೋಟಿನ ಹಿಂದಿನ ಸೀಳಿನ ಮೇಲೆ ಇಂಟು ಮಾರ್ಕಿನ ಥರ ದಾರ ಇರುತ್ತೆ, ಬಿಚ್ಚಿ. ತೋಳಿನ ಮೇಲೆ ಕಂಪನಿ ಲೇಬಲ್ ಇದ್ರೆ ಅದನ್ನೂ ಬಿಚ್ಚಿ. ಅದು ಶೋಗೆ ಇರೋದಲ್ಲ, ಅಂಗಡಿಯವರ ಗುರುತಿಗೆ ಇರೋದು. ಎರಡು ಬಟನ್ ಕೋಟಿನಲ್ಲಿ ಕೆಳಗಿನ ಬಟನ್ ಹಾಕಬೇಡಿ. ಕೂರುವಾಗ ಮೇಲಿನದನ್ನೂ ಬಿಚ್ಚಿ.

6/7
ಹೊಲಿಸೋದಾ, ರೆಡಿಮೇಡಾ?

ನೇರವಾಗಿ ಹೇಳ್ತೀನಿ. ಪ್ಯಾಂಟು ಶರ್ಟು ಚೆನ್ನಾಗಿ ಹೊಲಿಯೋ ಎಲ್ಲರಿಗೂ ಕೋಟು ಬರಲ್ಲ. ಹೊಲಿಗೆಯಲ್ಲಿ ಅತಿ ಕಷ್ಟದ ಕೆಲಸ ಅದೇ. ಹಂಗಾಗಿ ಟೈಲರ್ ಅಣ್ಣನ ಹತ್ರ ಹೋಗಿ, ಅವರು ಹೊಲಿದ ಒಂದು ಕೋಟು ತೋರಿಸಿ ಅಂತ ಕೇಳಿ. ತೋರಿಸಿದ್ದು ಇಷ್ಟ ಆದ್ರೆ ಕೊಡಿ. ಇಲ್ಲಾಂದ್ರೆ ಭುಜ ನೋಡಿ ರೆಡಿಮೇಡ್ ತಗೊಂಡು ಆಲ್ಟರ್ ಮಾಡಿಸಿ. ಉದ್ದ ಜಾಸ್ತಿ ಇರೋರಿಗೆ, ತುಂಬಾ ಸಣ್ಣಗಿರೋರಿಗೆ, ಒಂದು ಭುಜ ಇಳಿದಿರೋರಿಗೆ ಹೊಲಿಸೋದೇ ವಾಸಿ.

ಹೊಲಿಸೋದಾದ್ರೆ ಅಗಲ ಪನ್ನದ ಸೂಟಿಂಗ್ ಸುಮಾರು 3ರಿಂದ 3.25 ಮೀಟರ್ ಬೇಕಾಗುತ್ತೆ. ನಿಮ್ಮ ಎತ್ತರ ನೋಡಿ ಟೈಲರ್ ಸರಿಯಾಗಿ ಹೇಳ್ತಾರೆ, ಅವರನ್ನ ಕೇಳಿ ಆಮೇಲೆ ಬಟ್ಟೆ ತನ್ನಿ. ನಮ್ಮ ಬಜೆಟ್ಟಿಗೆ ಪಾಲಿಯೆಸ್ಟರ್ ವಿಸ್ಕೋಸ್ ಮಿಕ್ಸ್ ಸರಿ. ಬರೀ ಪಾಲಿಯೆಸ್ಟರ್ ಆದ್ರೆ ಗಾಳಿ ಆಡಲ್ಲ, ಏಪ್ರಿಲ್ ಮೇ ಮದುವೆಯಲ್ಲಿ ಚೌಲ್ಟ್ರಿ ಒಳಗೆ ಬೆಂದು ಹೋಗ್ತೀರಿ. ಹೊಳೆಯೋದು ಬೇಡ. ಒಂದೇ ಥಾನಿನಿಂದ ಇನ್ನೊಂದು ಪ್ಯಾಂಟಿಗೂ ಬಟ್ಟೆ ತಗೊಂಡ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಮೊದಲು ಸವೆಯೋದು ಪ್ಯಾಂಟೇ.

ಟೈಲರ್‌ಗೆ ಎರಡು ಮಾತು ಹೇಳಿ. "ಅಣ್ಣ, ಪೂರ್ತಿ ಮುಗಿಸೋಕೆ ಮುಂಚೆ ಒಂದು ಟ್ರಯಲ್ ಕೊಡಿ. ಒಳಗೆ ಸ್ವಲ್ಪ ಬಟ್ಟೆ ಬಿಟ್ಟು ಹೊಲೀರಿ." ಇಪ್ಪತ್ತರಲ್ಲಿ ಇರೋ ಮೈ ಇಪ್ಪತ್ತೈದಕ್ಕೆ ಇರಲ್ಲ. ಒಳಗೆ ಬಟ್ಟೆ ಇದ್ರೆ ಬಿಚ್ಚಿ ದೊಡ್ಡದು ಮಾಡ್ಕೋಬಹುದು.

ಟೈಮಿಂಗ್ ಕೂಡ ಮುಖ್ಯ. ಮದುವೆ ಸೀಸನ್‌ನಲ್ಲಿ ಹೋದ್ರೆ "ಮುಂದಿನ ವಾರ ಬಾಪ್ಪ" ಅನ್ನೋದು ಗ್ಯಾರಂಟಿ. ಆಷಾಢದಲ್ಲಿ ಹೋಗಿ. ಮದುವೆ ಇರಲ್ಲ, ಟೈಲರ್‌ಗೆ ಪುರುಸೊತ್ತು, ಬಟ್ಟೆ ಅಂಗಡಿಯಲ್ಲಿ ಆಷಾಢ ಸೇಲು.

7/7
ಕೊನೆಗೆ, ತಗೊಂಡ ಸೂಟು ಐದು ವರ್ಷ ಬಾಳಿದ್ರೆ ಮಾತ್ರ ಮೇಲೆ ಹೇಳಿದ ಲೆಕ್ಕ ಸರಿ ಹೋಗೋದು.

ಕಮ್ಮಿ ಬೆಲೆಯ ರೆಡಿಮೇಡ್ ಕೋಟಿನ ಎದೆ ಭಾಗದಲ್ಲಿ ಒಳಪದರವನ್ನ ಬಿಸಿ ಮಾಡಿ ಅಂಟಿಸಿರ್ತಾರೆ. ಮನೆಯಲ್ಲಿ ನೀರಿಗೆ ಹಾಕಿ ಒಗೆದ್ರೆ, ಕಾದ ಇಸ್ತ್ರಿಪೆಟ್ಟಿಗೆ ನೇರ ಒತ್ತಿದ್ರೆ ಆ ಅಂಟು ಬಿಟ್ಟು ಗುಳ್ಳೆ ಗುಳ್ಳೆ ಏಳುತ್ತೆ. ಆಮೇಲೆ ಯಾರೂ ಸರಿ ಮಾಡೋಕಾಗಲ್ಲ. ಮೇಲೆ ಕಾಟನ್ ಬಟ್ಟೆ ಹಾಸಿ ಹದವಾಗಿ ಇಸ್ತ್ರಿ ಮಾಡಿ. ಪ್ರತಿ ಸಲ ಡ್ರೈಕ್ಲೀನ್ ಬೇಡ. ಹಾಕಿದ ದಿನ ರಾತ್ರಿ ಗಾಳಿಗೆ ತೂಗುಹಾಕಿ, ಬ್ರಶ್ ಹೊಡೆದು ಬೀರುವಿಗೆ ಇಡಿ. ಸಣ್ಣ ತಂತಿ ಹ್ಯಾಂಗರ್ ಬೇಡ, ಅಗಲ ಭುಜದ ಹ್ಯಾಂಗರ್ ಇರಲಿ.

ಇಂಟರ್‌ವ್ಯೂ ಬೆಂಗಳೂರಿನಲ್ಲಿ ಅಂದ್ರೆ ಮಾರಿಕುಪ್ಪಂ ರೈಲಿನಲ್ಲಿ ಕೋಟು ಹಾಕ್ಕೊಂಡು ನಿಲ್ಲಬೇಡಿ. ಬಂಗಾರಪೇಟೆ ಬರೋ ಹೊತ್ತಿಗೆ ಆ ನೂಕುನುಗ್ಗಲಲ್ಲಿ ಅದು ಹಿಂಡಿದ ಬಟ್ಟೆ ಥರ ಆಗಿರುತ್ತೆ. ಒಂದು ಭುಜವನ್ನ ಒಳಗೆ ಹೊರಗೆ ಮಾಡಿ ಇನ್ನೊಂದರೊಳಗೆ ತೂರಿಸಿ, ಲೈನಿಂಗ್ ಹೊರಗೆ ಬರೋ ಹಂಗೆ ಉದ್ದಕ್ಕೆ ಮಡಚಿ ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೇಲೆ ಇಡಿ. ಇಳಿದ ಮೇಲೆ ಸ್ಟೇಷನ್‌ನಲ್ಲಿ ಹಾಕ್ಕೊಳಿ.

ಇನ್ನೊಂದು ಮಾತು. ಕೋಟು ಇರೋರು ಇಲ್ಲದವರಿಗೆ ಕೊಡಿ. ವರ್ಷಕ್ಕೆ 360 ದಿನ ಬೀರುವಿನಲ್ಲಿ ಇರೋ ವಸ್ತು ಅದು. ಒಂದೇ ಅಳತೆಯ ಇಬ್ಬರು ಫ್ರೆಂಡ್ಸ್ ಸೇರಿ ಒಂದು ಸೂಟ್ ತಗೊಂಡ್ರೂ ನಾಚಿಕೆ ಪಡೋದೇನಿಲ್ಲ. ಇಬ್ಬರ ಇಂಟರ್‌ವ್ಯೂ ಒಂದೇ ದಿನ ಬರದಿದ್ರೆ ಸಾಕು 😄 ತಗೊಂಡವನು ಇಸ್ತ್ರಿ ಮಾಡಿಸಿ ವಾಪಸ್ ಕೊಡಬೇಕು, ಅಷ್ಟೇ ರೂಲು.

ಆಂಡರ್‌ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆ, ಬೆಮೆಲ್ ನಗರ, ಬಂಗಾರಪೇಟೆ, ನಿಮ್ಮ ಏರಿಯಾದಲ್ಲಿ ಕೋಟು ಚೆನ್ನಾಗಿ ಹೊಲಿಯೋರು ಇದ್ರೆ ಯಾವ ರಸ್ತೆ ಅಂತ ಕಾಮೆಂಟ್‌ನಲ್ಲಿ ಹಾಕಿ. ಫೈನಲ್ ಇಯರ್ ಫ್ರೆಂಡ್‌ಗೆ ಸೇಲ್ ಲಿಂಕ್ ಕಳಿಸೋ ಮುಂಚೆ ಇದನ್ನ ಕಳಿಸಿ.

#ಜೇಬಿನಲೆಕ್ಕ #ಕೆಜಿಎಫ್ #ಬಂಗಾರಪೇಟೆ #ಬಿಕಾಂಹುಡುಗರು